ಕುಡಿದವಳ ಸೊಂಟ, ನುಂಗಿದವಳ ಸೊಂಟ

ಡಯಟ್ಟು ಅಂತ ನಾನು ಬಾಯಿ ಬಿಟ್ಟಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಪ್ರಸಂಗ ಆಗಿಯೇ ತೀರುತ್ತದೆ. ಪ್ರತಿ ಸಲವೂ ನನ್ನ ಎದುರಿಗೆ ನಿಲ್ಲುವವಳು ಒಬ್ಬಳೇ, ಮಳವಳ್ಳಿಯಲ್ಲಿರುವ ನನ್ನ ಓರಗಿತ್ತಿ. ಬೆಳಿಗ್ಗೆ ಮುದ್ದೆ, ರಾತ್ರಿ ಮುದ್ದೆ. ಸೊಂಟ ಮಾತ್ರ ಮದುವೆಯಾಗಿ ಬಂದಾಗ ಇದ್ದಷ್ಟೇ. ನಾನು ಮಂಡ್ಯದ ಕಾಲೇಜಿನಲ್ಲಿ ಪಾಠ ಮಾಡುವವಳು, ಓದಿದವಳು. ಮುದ್ದೆ ಬಿಟ್ಟು ಜ್ಯೂಸು, ಗಂಜಿ ಅಂತ ಕುಡಿದುಕೊಂಡೇ ಜೀವ ಹಿಡಿದಿದ್ದೇನೆ. ಆದರೂ ರವಿಕೆಯ ಹೊಲಿಗೆ ಬಿಚ್ಚಿಸುವುದು ನಿಂತಿಲ್ಲ. ಹೊಟ್ಟೆಕಿಚ್ಚಿಗೆ ಕೊಬ್ಬು ಕರಗುವ ಹಾಗಿದ್ದರೆ ನಾನು ಇಷ್ಟೊತ್ತಿಗೆ ಗಾಳಿಗೆ ಹಾರಿಹೋಗಬೇಕಿತ್ತು.

ಅತ್ತೆಯ ತೀರ್ಪು

ಮದ್ದೂರಿನ ನಾದಿನಿಯ ಮಗಳ ಮದುವೆ ಗೊತ್ತಾಯಿತು. ಮಳವಳ್ಳಿಯ ಮನೆಯಲ್ಲಿ ಅತ್ತೆ ಬೀರು ತೆಗೆದು, ತಾವು ತಮ್ಮ ಮದುವೆಯಲ್ಲಿ ಸೊಂಟಕ್ಕೆ ಹಾಕಿಕೊಂಡಿದ್ದ ಚಿನ್ನದ ಡಾಬು ಹೊರಗಿಟ್ಟರು. ಸೊಸೆಯರು ಇಬ್ಬರು, ಡಾಬು ಒಂದು.

"ಯಾರ್ ಸೊಂಟದ ಮ್ಯಾಲೆ ಸಂದಾಗಿ ಕುಂತ್ಕತದೋ ಅವ್ರೇ ಮದ್ವೆಗೆ ಆಕ್ಕಳಿ. ಆಮ್ಯಾಕೂ ಅದು ಅವ್ರದ್ದೇಯಾ," ಅಂದರು.

ಹಿರಿಯವಳು ಅಂತ ನಾನು ಮೊದಲು ಕೈಹಾಕಿದೆ. ಡಾಬಿನ ಕೊಕ್ಕೆಗೂ ಅದು ಸಿಕ್ಕಿಕೊಳ್ಳುವ ಬಳೆಗೂ ನಡುವೆ ನಾಲ್ಕು ಬೆರಳು ಜಾಗ ಉಳಿಯಿತು.

"ಅಕ್ಕಾ, ಉಸ್ರು ಬುಡ್ಬ್ಯಾಡ, ಇನ್ನೊಸಿ," ಅಂತ ಓರಗಿತ್ತಿ ಹುರಿದುಂಬಿಸಿದಳು. ಉಸಿರು ಬಿಗಿಹಿಡಿದೆ. ಡಾಬು ಬರಲಿಲ್ಲ, ಬಿಕ್ಕಳಿಕೆ ಬಂತು.

ಅವಳೂ ಹಾಕಿ ನೋಡಲು ಕೈಚಾಚಿದಳು. ಅತ್ತೆ ಡಾಬನ್ನು ಬೀರುವಿನೊಳಗಿಟ್ಟು ಬೀಗ ಹಾಕಿದರು. "ನೀನ್ಯಾಕವ್ವ ನೋಡೀಯೆ? ಅದು ನಿಂದೇಯಾ. ನಿಮ್ಮಕ್ಕನ್ನ ಬುಟ್ರೆ ಊರ್ಗೆಲ್ಲಾ ಆಯ್ತದೆ!"

ಸುದ್ದಿ ಮುಟ್ಟದ ಹೊಟ್ಟೆ

ಹಟ ಹತ್ತಿ ಗಂಡನ ಜೊತೆ ಡಾಕ್ಟರಮ್ಮನ ಹತ್ತಿರ ಹೋದೆ.

"ದಿನಕ್ಕೆ ಏನೇನು ತಿಂತೀರಿ?"

"ಏನೂ ತಿನ್ನಲ್ಲ ಮೇಡಂ."

"ಕುಡಿಯೋದು?"

ಹೇಳಿದೆ. ಎದ್ದ ಕೂಡಲೇ ಕಾಫಿ, ಆಮೇಲೆ ಬೆಲ್ಲ ಹಾಕಿದ ರಾಗಿ ಗಂಜಿ, ಮಧ್ಯಾಹ್ನ ಹಣ್ಣಿನ ಜ್ಯೂಸು, ಕಾಲೇಜಿಂದ ಬರುವಾಗ ಕಬ್ಬಿನ ಹಾಲು. ಮಂಡ್ಯದಲ್ಲಿ ಹುಟ್ಟಿದವರು ಯಾರೂ ಕಬ್ಬಿನ ಹಾಲನ್ನು ಆಹಾರ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಬಾಯಾರಿಕೆಗೆ, ಅಷ್ಟೇ.

ಡಾಕ್ಟರಮ್ಮ ಕನ್ನಡಕ ತೆಗೆದರು. "ನೋಡಿ, ಗಟ್ಟಿ ಊಟ ಅಗಿದು ತಿಂದ್ರೆ ಹೊಟ್ಟೇಲಿ ನಿಲ್ಲುತ್ತೆ. ಹಸಿವು ಎಬ್ಬಿಸೋ ಹಾರ್ಮೋನು ತಗ್ಗುತ್ತೆ, ಸಾಕು ಅನ್ನಿಸೋ ಹಾರ್ಮೋನು ಏರುತ್ತೆ. ಕುಡಿದದ್ದು ಬೇಗ ಜಾರಿಹೋಗುತ್ತೆ. ಊಟ ಆಯ್ತು ಅನ್ನೋ ಸುದ್ದಿ ಸರಿಯಾಗಿ ಮುಟ್ಟಲ್ಲ. ಅದಕ್ಕೆ ಮತ್ತೆ ಹಸಿವು."

ಪಕ್ಕದಲ್ಲಿದ್ದ ನನ್ನ ಗಂಡ ಬಹಳ ವಿನಯದಿಂದ ಕೇಳಿದರು: "ಅಲ್ಲ ಮೇಡಂ, ಇವಳು ಕುಡಿದದ್ದು ಹೊಟ್ಟೆಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಸೊಂಟಕ್ಕೆ ಯಾರು ಹೇಳಿದ್ದು?"

ಪಂಕ್ತಿಯಲ್ಲಿ ಮಾನ ಹೋಯಿತು

ಭಾನುವಾರ ಮಳವಳ್ಳಿಗೆ ಹೋದೆ, ಓರಗಿತ್ತಿಯನ್ನು ನೋಡುವ ನೆಪದಲ್ಲಿ ಅವಳ ತಟ್ಟೆ ನೋಡಲು. ಬಿಸಿ ಮುದ್ದೆ, ಬಸ್ಸಾರು. ಡಾಕ್ಟರ ಮಾತಿನಂತೆ ನಾನು ಮುದ್ದೆಯನ್ನು ಅಗಿಯತೊಡಗಿದೆ. ಅದು ಹಲ್ಲಿಗೆ ಮೆತ್ತಿ ದವಡೆ ಬಿಡಿಸಲಾಗದೆ ಹೋಯಿತು. ಕೂತವರೆಲ್ಲ ಊಟ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿದರು.

"ಅಯ್ಯಯ್ಯೋ, ಮುದ್ದೆ ಅಗೀತಾವ್ಳಲ್ಲಪ್ಪಾ!" ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. "ಯಾರಾರ ಕಂಡ್ರೆ ನಮ್ ಸೊಸೆ ಅಂದಾರೇನವ್ವ? ನುಂಗೇ, ನುಂಗು!"

"ಗಟ್ಟಿ ಪದಾರ್ಥ ಅಗಿದೇ ತಿನ್ನಬೇಕತ್ತೆ. ಹಾರ್ಮೋನು..." ಅಂದೆ, ತುಂಬಿದ ಬಾಯಲ್ಲಿ.

ಓರಗಿತ್ತಿ ಒಂದು ತುತ್ತನ್ನು ಸಾರಿನಲ್ಲಿ ಅದ್ದಿ ಗುಳುಂ ಅನ್ನಿಸಿ ಕೇಳಿದಳು: "ಅಂಗಾರೆ ಅಕ್ಕಾ, ನಾವ್ ನುಂಗೋದು ತಿಂದಂಗೋ, ಕುಡ್ದಂಗೋ?"

ನನ್ನ ಎಂ.ಕಾಂ. ಕೈಕೊಟ್ಟಿತು. ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನು ಹಚ್ಚಿ ಅದನ್ನೇ ಕೇಳಿದೆ. ಅವರು ದನಿ ತಗ್ಗಿಸಿದರು: "ನುಂಗಿದ್ರೂ ಹೊಟ್ಟೇಲಿ ಗಟ್ಟಿಯಾಗೇ ಕೂರುತ್ತಲ್ಲ, ನುಂಗಿಬಿಡಿ. ನಾನೂ ಮದ್ದೂರಿನ ಬೆಸಗರಹಳ್ಳಿ ಕಡೆಯವಳೇ. ಅಗಿದ್ರೆ ನಮ್ಮತ್ತೇನೂ ಪಂಕ್ತಿಯಿಂದ ಎಬ್ಬಿಸ್ತಾರೆ."

ಸಂಜೆಯವರೆಗೂ ಓರಗಿತ್ತಿ ಏನನ್ನೂ ಬಾಯಿಗೆ ಹಾಕಲಿಲ್ಲ. "ಮುದ್ದೆ ಉಂಡ ಮ್ಯಾಲೆ ಏನ್ ಬೇಕಕ್ಕಾ?" ಅಂದಳು. ಮೈ ಉರಿದುಹೋಯಿತು. ಉರಿ ಆರಲಿ ಅಂತ ಬಸ್‌ಸ್ಟ್ಯಾಂಡಿನಲ್ಲಿ ಒಂದು ಲೋಟ ಕಬ್ಬಿನ ಹಾಲು ಕುಡಿದೇ ಬಸ್ಸು ಹತ್ತಿದೆ.

ಡಾಬಿನ ತೀರ್ಮಾನ

ಮದುವೆಯ ದಿನ ಬಂತು. ಅಷ್ಟು ದಿನ ಮುದ್ದೆ ನುಂಗಿ, ಜ್ಯೂಸು ಬಿಟ್ಟು, ನಾಲ್ಕು ಬೆರಳಿನ ಜಾಗವನ್ನು ಎರಡಕ್ಕೆ ಇಳಿಸಿದ್ದೆ. ಉಳಿದೆರಡು ಬೆರಳು ಕಬ್ಬಿನ ಹಾಲಿನ ಪಾಲು, ಅದನ್ನು ಬಿಡಲಾಗಲಿಲ್ಲ. ಮದ್ದೂರಿನ ಛತ್ರದ ಕೋಣೆಯಲ್ಲಿ ಓರಗಿತ್ತಿ ರೇಷ್ಮೆ ಸೀರೆಯ ಮೇಲೆ ಡಾಬು ಹಾಕಿಕೊಂಡಳು. ನಾನು ಗೋಡೆ ಕಡೆ ತಿರುಗಿ ಇಲ್ಲದ ಪಿನ್ನು ಹುಡುಕುತ್ತಿದ್ದೆ.

ಅವಳು ಆರತಿ ತಟ್ಟೆ ಎತ್ತಿಕೊಂಡು ಬಾಗಿಲು ದಾಟುವಷ್ಟರಲ್ಲಿ ಝಣ್ ಅಂತ ಸದ್ದಾಯಿತು. ಡಾಬು ಸೊಂಟದಿಂದ ಜಾರಿ ಪಾದದ ಮೇಲೆ ಬಿದ್ದಿತ್ತು.

"ಇವಳ್ಗೆ ನಿಲ್ಸಕೆ ಸೊಂಟವೇ ಇಲ್ವಲ್ಲವ್ವಾ!" ಅಂದ ಅತ್ತೆ ನನ್ನ ಕಡೆ ತಿರುಗಿದರು. ಡಾಬನ್ನು ನನ್ನ ಸೊಂಟಕ್ಕೆ ಸುತ್ತಿ, ನಾದಿನಿ ಒಂದು ತುದಿ, ಅತ್ತೆ ಇನ್ನೊಂದು ತುದಿ ಹಿಡಿದು ಎಳೆದರು. ಕೊಕ್ಕೆ ಟಕ್ ಅಂತ ಕೂತಿತು. "ಆ! ಇದು ಕುಂತಿರೋದು ಅಂದ್ರೆ! ಇನ್ ಇದು ನಿಂದೇಯಾ!"

ಊಟಕ್ಕೆ ಕೂರಲು ಆಗಲಿಲ್ಲ. ನಿಂತೇ ಒಂದು ಲೋಟ ಪಾನಕ ಕುಡಿದೆ. ಓರಗಿತ್ತಿ ದಿನವಿಡೀ ನನ್ನ ಸೊಂಟವನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಗುರುತಿತ್ತು, ಇಷ್ಟು ವರ್ಷ ನನ್ನ ಕಣ್ಣಲ್ಲೇ ಇದ್ದದ್ದು. ಸಂಜೆ ಅಡುಗೆಮನೆ ಹಿಂದಕ್ಕೆ ಎಳೆದುಕೊಂಡು ಹೋಗಿ ಪಿಸುಗುಟ್ಟಿದಳು:

"ಅಕ್ಕಾ, ಯಾರ್ಗೂ ಯೋಳಕಿಲ್ಲ. ನೀ ದಿನಾ ಏನೇನ್ ಕುಡೀತಿದ್ದೆ, ಸರ್ಯಾಗಿ ಯೋಳು. ನಂಗೂ ಒಸಿ ಸೊಂಟ ಬರ್ಲಿ."

ಅವಳ ಎರಡೂ ಕೈ ಹಿಡಿದುಕೊಂಡೆ. ಒಡಹುಟ್ಟಿದ ಅಕ್ಕನೂ ಅಷ್ಟು ಅಕ್ಕರೆಯಿಂದ ಹೇಳಿರಲಾರಳು:

"ಕುಡಿಯೋದಾ? ಏನೂ ಕುಡೀಬೇಡ ಕಣಮ್ಮ. ಮುದ್ದೇನೇ ತಿನ್ನು. ಅಷ್ಟು ಸಾಕು."