ಕೆರೆಯ ಪ್ರಾಣಿಗೆ ಹಲ್ಲು ಇಟ್ಟ ಕಥೆ

ಪೂಜೆಗೆ ಬರಬೇಕಾದ ಅಯ್ಯನವರಿಗೆ ಬಸ್ಸು ತಪ್ಪಬಹುದಿತ್ತು. ಅಡಿಗೆಯವನು ಇನ್ನೊಂದು ಕಡೆ ಒಪ್ಪಿಕೊಂಡು ನಮಗೆ ಜ್ವರವೆಂದು ಹೇಳಿ ಕಳಿಸಬಹುದಿತ್ತು. ಶಾಮಿಯಾನದ ಗಳ ಅಷ್ಟು ಜನರಲ್ಲಿ ಬೀಗರ ತಲೆಯನ್ನೇ ಆರಿಸಿಕೊಂಡು ಬೀಳಬಹುದಿತ್ತು. ಉಕ್ಕಬೇಕಾದ ಹಾಲು ಒಡೆಯಬಹುದಿತ್ತು. ಕರೆಂಟು ಹೋಗಬಹುದಿತ್ತು, ಅದಕ್ಕಿಂತ ಕೆಟ್ಟದ್ದೆಂದರೆ, ಹೋದ ಕರೆಂಟು ಯಾರಾದರೂ ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಿರುವಾಗ ಬರಬಹುದಿತ್ತು. ಮುಚ್ಚಳ ಸರಿಯಾಗಿ ಕೂರದ ಸಂಪಿನೊಳಗೆ ಯಾರದೋ ಮಗು ಇಣುಕಬಹುದಿತ್ತು. ಕೆರೆಯ ಮೆಟ್ಟಿಲ ಪಾಚಿಯ ಮೇಲೆ ಅಕ್ಕ ತುಂಬಿದ ಬಿಂದಿಗೆಯ ಸಮೇತ ಜಾರಬಹುದಿತ್ತು. ಇದೆಲ್ಲ ಆಗದೆ ಉಳಿದರೂ, ಕೆರೆಯ ನೀರಿನಿಂದ ಅದು ಎದ್ದು ಬರಬಹುದಿತ್ತು.

'ಅದು' ಏನೆಂದು ಹೇಳುವ ಮೊದಲು ನನ್ನ ಬಗ್ಗೆ ಎರಡು ಮಾತು. ಚಿಂತೆ ಮಾಡುವುದು ನನಗೆ ಬರೀ ಅಭ್ಯಾಸವಲ್ಲ, ಉಪಕಸುಬು. ಗೋಪಾಳದ ನಮ್ಮ ಮನೆಯಿಂದ ಬಸ್‌ಸ್ಟಾಪಿಗೆ ಹೋಗಿ, ಬೀಗ ಹಾಕಿದ್ದೆನೋ ಇಲ್ಲವೋ ಎಂದು ವಾಪಸು ಬಂದು, ಬೀಗ ಜಗ್ಗಿ ನೋಡಿ, ಮತ್ತೆ ಸ್ಟಾಪಿಗೆ ಹೋಗಿ, ಗ್ಯಾಸು ಆರಿಸಿದ್ದೆನೋ ಇಲ್ಲವೋ ಎಂದು ಪುನಃ ಬರುವವನು ನಾನು. ನಮ್ಮ ಬೀದಿಯವರು ನನ್ನನ್ನು ವಾಕಿಂಗ್ ಮಾಡುವವನೆಂದು ತಿಳಿದು ಗೌರವಿಸುತ್ತಾರೆ. ಹೊಟ್ಟೆಪಾಡಿನ ಕೆಲಸ ನವುಲೆಯ ಕಡೆ, ಕೃಷಿ ವಿಜ್ಞಾನಿಗಳು ಬರೆದ ವರದಿಗಳನ್ನು ಟೈಪು ಮಾಡುವುದು. ಇಷ್ಟು ವರ್ಷ ಟೈಪು ಮಾಡಿದ ಮೇಲೆ ವಿಜ್ಞಾನವೆಂಬುದು ಬೆರಳಿನ ತುದಿಯಿಂದ ಹತ್ತಿ ತಲೆಗೆ ಏರಿರಲೇಬೇಕು ಎಂಬುದು ನನ್ನ ದೃಢ ನಂಬಿಕೆ. ಹಾಗಾಗಿ ಜಗತ್ತಿನ ಮೂಢನಂಬಿಕೆಯನ್ನು ಕಂಡರೆ ನನಗೆ ತಡೆಯಲಾರದ ತಾತ್ಸಾರ. ಬಾಯಲ್ಲಿ ವಿಜ್ಞಾನಿ, ಹೊಟ್ಟೆಯಲ್ಲಿ ಪುಕ್ಕಲ. ಈ ಎರಡೂ ಒಂದೇ ಶರೀರದಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಪ್ರಸಂಗ.

ನನ್ನ ಅಕ್ಕ ಭದ್ರಾವತಿಯವಳು. ಭಾವ ಕಾರ್ಖಾನೆಯಿಂದ ನಿವೃತ್ತರಾಗಿ, ಕ್ವಾರ್ಟರ್ಸು ಬಿಟ್ಟು, ಜನ್ನಾಪುರದಾಚೆ ಕೆರೆಗೆ ಹತ್ತಿರವಾಗಿ ಒಂದು ಮನೆ ಕಟ್ಟಿಸಿದ್ದರು. ಕಾರ್ತಿಕದಲ್ಲಿ ಗೃಹಪ್ರವೇಶ. ನಮ್ಮಲ್ಲಿ ಹೊಸ ಮನೆಗೆ ಮೊದಲು ಬರಬೇಕಾದವಳು ಗಂಗೆ. ಐವರು ಮುತ್ತೈದೆಯರು ಬೆಳಗ್ಗೆ ಕೆರೆಗೋ ಬಾವಿಗೋ ಹೋಗಿ, ಪೂಜೆ ಮಾಡಿ, ಬಿಂದಿಗೆಗಳಲ್ಲಿ ನೀರು ಹೊತ್ತು ತಂದು ಹೊಸ್ತಿಲು ದಾಟಿಸಬೇಕು. ಈಗೀಗ ಇದನ್ನು ಅಂಗಳದ ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಮುಗಿಸುವವರೂ ಇದ್ದಾರೆ. ಭಾವನೂ ಆ ಪಕ್ಷದವರೇ. ಆದರೆ ಅಕ್ಕ ಒಪ್ಪಲಿಲ್ಲ. ಮದುವೆಯಾದಾಗಿನಿಂದ ಕ್ವಾರ್ಟರ್ಸಿನ ಸಾರ್ವಜನಿಕ ನಲ್ಲಿಯ ಮುಂದೆ ಸರದಿಯಲ್ಲಿ ನಿಂತು, ಹಿಂದಿನವರ ಬೈಗುಳ ಕೇಳುತ್ತ, ಅರ್ಧ ತುಂಬಿದ ಕೊಡ ಎತ್ತಿಕೊಂಡು ಬಂದವಳು ಅವಳು. "ನನ್ನ ಮನೆಗೆ ನಲ್ಲಿ ನೀರು ಗಂಗೆ ಆಗಿ ಬರೋದು ಬೇಡ ಕಣೋ. ಸರದಿ ನಿಲ್ಲದೆ ಒಂದು ಬಿಂದಿಗೆ ನೀರು ತರ್ಬೇಕು ನಾನು, ಅಷ್ಟೇ ಆಸೆ" ಎಂದು ನನ್ನೊಡನೆ ಹೇಳಿದ್ದಳು. ಮನೆಗೆ ಯಾವ ಟೈಲು, ಯಾವ ಬಣ್ಣ ಎಂದು ಒಂದು ದಿನವೂ ಬಾಯಿ ಹಾಕದವಳು ಕೇಳಿದ್ದು ಇದೊಂದನ್ನೇ.

ಅಷ್ಟರಲ್ಲಿ ಕೆರೆಯಲ್ಲಿ ಪ್ರಾಣಿ ಕಾಣಿಸಿಕೊಂಡಿತು. ಮೊದಲು ಕಂಡವರು ಯಾರೆಂದು ಯಾರಿಗೂ ಗೊತ್ತಿಲ್ಲ. ಕಂಡವರನ್ನು ಕಂಡವರು ಮಾತ್ರ ಬೇಕಾದಷ್ಟು ಮಂದಿ ಇದ್ದರು. ಮುಸ್ಸಂಜೆಯಲ್ಲಿ ನೀರಿನ ನಡುವೆ ಉದ್ದನೆಯ ಕತ್ತೊಂದು ಏಳುತ್ತದಂತೆ, ಆಚೀಚೆ ತೂಗುತ್ತದಂತೆ, ಮುಳುಗುತ್ತದಂತೆ. ಸೋಮವಾರ ಬರೀ ಕತ್ತು ಇದ್ದದ್ದು, ವಾರದ ಕೊನೆಗೆ ಕಣ್ಣು, ಮೀಸೆ, ಬೆನ್ನ ಮೇಲೆ ಗರಗಸ ಎಲ್ಲ ಬೆಳೆಸಿಕೊಂಡಿತು. ಇಷ್ಟು ಬೇಗ ಬೆಳೆಯುವ ಪ್ರಾಣಿಯನ್ನು ನಮ್ಮ ವಿಜ್ಞಾನಿಗಳ ಕೈಗೆ ಕೊಟ್ಟಿದ್ದರೆ ದೇಶದ ಹೈನುಗಾರಿಕೆಯೇ ಸುಧಾರಿಸುತ್ತಿತ್ತು. ಆಗ ಮೊಬೈಲು ಎಲ್ಲರ ಕೈಗೂ ಬಂದಿರಲಿಲ್ಲವಾದ್ದರಿಂದ ಸುದ್ದಿಗೆ ಚಿತ್ರದ ಹಂಗಿರಲಿಲ್ಲ. ಊರಿನ ಕೇಬಲ್ಲಿನವರು ಒಂದು ಸಂಜೆ ಕ್ಯಾಮೆರಾ ತಂದು ಕೆರೆಯನ್ನು ತೋರಿಸಿದರು. ನೀರು ಕಂಡಿತು, ಇನ್ನಷ್ಟು ನೀರು ಕಂಡಿತು, ಪ್ರಾಣಿ ಕಾಣಲಿಲ್ಲ. ಅದರ ಜಾಗದಲ್ಲಿ ಸೀರೆ ಅಂಗಡಿಯ ಜಾಹೀರಾತು ಬಂದಿತು. ಅಷ್ಟಕ್ಕೇ ಜನ ಇನ್ನೂ ಖಚಿತವಾಗಿ ನಂಬಿದರು. ಇಲ್ಲದಿದ್ದರೆ ಟಿ.ವಿ.ಯವರು ಸುಮ್ಮನೆ ಬರುತ್ತಾರೆಯೇ ಎಂಬುದು ಅವರ ತರ್ಕ. ಸಂಜೆಯಾದರೆ ಏರಿಯ ಮೇಲೆ ಕಡಲೆಕಾಯಿ ಗಾಡಿಗಳು ನಿಲ್ಲತೊಡಗಿದವು.

ಭಾವ ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ಸಿಟ್ಟು ಬಂತು. ಕೂಡಲೇ ಚಿಂತೆಯೂ ಬಂತು. ಹೆದರಿದ ಮುತ್ತೈದೆಯರು ಕೆರೆಗೆ ಬರಲು ಒಲ್ಲೆವೆಂದರೆ ಅಕ್ಕನ ಗಂಗೆಯ ಗತಿಯೇನು? ಅವರಿಗೆ ವಿಜ್ಞಾನದ ಬೆಳಕು ಕಾಣಿಸುವುದು ನನ್ನ ಹೊಣೆಯೆಂದು ತೀರ್ಮಾನಿಸಿ, ರಜ ಹಾಕಿ, ಕೊಡೆ ಹಿಡಿದು ಜನ್ನಾಪುರದ ಬಸ್ಸು ಹತ್ತಿದೆ. ಕಾರ್ತಿಕದಲ್ಲಿ ಕೊಡೆ ಯಾಕೆ ಎಂದು ನನ್ನ ಹೆಂಡತಿ ಶಿವಲೀಲಾ ಕೇಳಿದಳು. ಕಾರ್ತಿಕದಲ್ಲಿ ಮಳೆ ಬರುವುದಿಲ್ಲವೆಂದು ಬರೆದುಕೊಟ್ಟವರು ಯಾರು? ಮರದ ಬಾಗು ಹಿಡಿಯ, ಕರೀ ಬಟ್ಟೆಯ ಆ ಕೊಡೆ ನನ್ನ ಮಾವನವರದು. ನನ್ನ ಚಿಂತೆಗಳಷ್ಟೇ ಗಟ್ಟಿಮುಟ್ಟು.

ಅಕ್ಕ ಕರೆದಿದ್ದ ಮುತ್ತೈದೆಯರ ಮನೆಗಳಿಗೆ ಒಂದೊಂದಾಗಿ ಹೋದೆ. ಅಲ್ಲೇ ನಾನು ಎಚ್ಚರಗೊಳ್ಳಬೇಕಿತ್ತು, ಏಕೆಂದರೆ ಯಾರೂ ಹೆದರಿರಲಿಲ್ಲ. ಅಕ್ಕನ ಹಳೆಯ ಕ್ವಾರ್ಟರ್ಸಿನ ನೆರೆಯವಳು ಸೆಲ್ವಮ್ಮ, ತಮಿಳು ಬೆರೆಸಿದ ತನ್ನ ಕನ್ನಡದಲ್ಲಿ, ನೀರಲ್ಲಿ ಇರೋದು ನೀರಲ್ಲಿ ಇರುತ್ತೆ, ಅದಕ್ಕೂ ಒಂದು ಕಾಯಿ ಒಡೆದು ಕರ್ಪೂರ ಹಚ್ಚಿದರೆ ಆಯಿತು ಎಂದಳು. ಉಳಿದವರೂ ಹಾಗೆಯೇ. ಪ್ರಾಣಿಗೆಂದು ಬಾಳೆಹಣ್ಣು ಬೇರೆ ತೆಗೆದಿಟ್ಟಿದ್ದರು. ಇದನ್ನು ಕೇಳಿ ನಾನು ಸಮಾಧಾನಪಟ್ಟು ಮನೆಗೆ ಬರಬಹುದಿತ್ತು. ಆದರೆ ಮೂಢನಂಬಿಕೆ ಇಷ್ಟು ಧೈರ್ಯವಾಗಿರುವುದನ್ನು ವಿಜ್ಞಾನಿ ಹೇಗೆ ಸಹಿಸುತ್ತಾನೆ?

ಎರಡನೇ ಸುತ್ತು ಹೊರಟು, ಮೊದಲು ಸೆಲ್ವಮ್ಮನ ಜಗಲಿಯಲ್ಲಿ ಕೂತು ಶುರುಮಾಡಿದೆ. ಪ್ರಾಣಿಯೂ ಇಲ್ಲ, ಮಣ್ಣೂ ಇಲ್ಲ; ಎಲ್ಲದಕ್ಕೂ ಪ್ರಕೃತಿಯಲ್ಲಿ ಕಾರಣವಿದೆ ಎಂದೆ. ನೀರುಕಾಗೆಗಳು ಒಂದರ ಹಿಂದೊಂದು ಈಜಿದರೆ ದೂರಕ್ಕೆ ಡುಬ್ಬದ ಮೇಲೆ ಡುಬ್ಬ ಕಂಡಂತಾಗುತ್ತದೆ ಎಂದೆ. ಹಾವಕ್ಕಿ ಮೈಯನ್ನು ಮುಳುಗಿಸಿ ಕತ್ತನ್ನಷ್ಟೇ ಹೊರಗಿಟ್ಟು ಈಜುತ್ತದೆ, ಅರಿಯದವರು ಹಾವೆಂದುಕೊಳ್ಳುತ್ತಾರೆ ಎಂದೆ. ಕೆರೆಯ ತಳದಲ್ಲಿ ಎಲೆ ಕೊಳೆತು ಗಾಳಿ ಕಟ್ಟಿಕೊಂಡರೆ ಜೊಂಡಿನ ರಾಶಿಯೇ ಎದ್ದು ಮುಳುಗುತ್ತದೆ ಎಂದೆ. ಬೆಳಗಿಂದ ಸಂಜೆಯವರೆಗೆ ಎಮ್ಮೆ ನೋಡುವ ಜನ, ಕತ್ತಲಾಗುತ್ತಲೇ ನೀರಲ್ಲಿ ತಲೆ ಎತ್ತಿದ ಎಮ್ಮೆಯನ್ನು ಗುರುತಿಸದೆ ಕೈಮುಗಿಯುವುದು ನಾಚಿಕೆಗೇಡು ಎಂದೂ ಸೇರಿಸಿದೆ. ನೀರುನಾಯಿ ಎಂದೆ, ಮರದ ದಿಮ್ಮಿ ಎಂದೆ, ಬರೀ ಗಾಳಿ ಮತ್ತು ಬೆಳಕಿನ ಆಟ ಎಂದೆ. ಸೆಲ್ವಮ್ಮ ತಲೆದೂಗಿ ಕಾಫಿ ಕೊಟ್ಟಳು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಕಾರಣಗಳನ್ನು ಹೇಳುತ್ತ ಹೇಳುತ್ತ ನನ್ನ ಹೊಟ್ಟೆಯೊಳಗಿನವನು ಎಚ್ಚೆತ್ತಿದ್ದ. ಮಳೆಗಾಲದಲ್ಲಿ ನಾಲೆಯಲ್ಲಿ ತೇಲಿಕೊಂಡು ಮೊಸಳೆಯೊಂದು ಬಂದು ಸೇರಿರಲೂಬಹುದು, ವೈಜ್ಞಾನಿಕವಾಗಿ ಅದನ್ನು ತಳ್ಳಿಹಾಕುವಂತಿಲ್ಲ ಎಂದುಬಿಟ್ಟೆ.

ಸೆಲ್ವಮ್ಮ ಲೋಟ ಕೆಳಗಿಟ್ಟಳು. "ಮೊಸಳೆನಾ ಸಾರ್?"

ಇರಬಹುದು ಅಷ್ಟೇ, ಖಚಿತವಲ್ಲ ಎಂದೆ. ಇದ್ದರೂ ಅದು ಸಾಮಾನ್ಯವಾಗಿ ಮೀನು ತಿನ್ನುತ್ತದೆ ಎಂದೆ. ಸಾಮಾನ್ಯವಾಗಿ ಎಂಬ ಮಾತು ವರದಿಗಳಲ್ಲಿ ಬಹಳ ಗೌರವದ ಮಾತು. ಜಗಲಿಯ ಮೇಲೆ ಅದು ಕೆಲಸ ಮಾಡಲಿಲ್ಲ. ಅಸಾಮಾನ್ಯವಾಗಿ ಏನು ತಿನ್ನುತ್ತದೆ ಎಂದು ಅವಳು ಕೇಳಿದಳು. ನನ್ನ ಬಳಿ ಉತ್ತರವಿತ್ತು, ಹೇಳಿದೆ. ಉಳಿದ ಮೂರು ಮನೆಗಳಲ್ಲೂ ಇದೇ ಉಪನ್ಯಾಸವನ್ನು, ಮೊಸಳೆಯ ಭಾಗವನ್ನು ಇನ್ನಷ್ಟು ವಿವರವಾಗಿ, ಮಾಡಿ ಮುಗಿಸಿ, ಜನಜಾಗೃತಿಯ ತೃಪ್ತಿಯಲ್ಲಿ ಅಕ್ಕನ ಮನೆಗೆ ಬಂದೆ. ನನಗಿಂತ ಮೊದಲೇ ಸುದ್ದಿ ಬಂದಿತ್ತು. ನಾಲ್ವರೂ ಬರುವುದಿಲ್ಲವೆಂದು ಹೇಳಿ ಕಳಿಸಿದ್ದರು. ಒಬ್ಬಳಿಗೆ ಸೊಂಟನೋವು, ಒಬ್ಬಳಿಗೆ ಊರಿಂದ ನೆಂಟರು. ಸೆಲ್ವಮ್ಮ ಮಾತ್ರ ಮುಚ್ಚಿಡದೆ, ಮಕ್ಕಳು ಇನ್ನೂ ಚಿಕ್ಕವು ಎಂದಿದ್ದಳು.

ಅಕ್ಕ ಹೊಸ ಮನೆಯ ಹೊಸ್ತಿಲ ಮೇಲೆ ಕೂತು ಹಿತ್ತಾಳೆ ಬಿಂದಿಗೆ ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ನನ್ನನ್ನು ನೋಡಿದರೂ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಇಷ್ಟು ದಿನ ಅದು ಏನೋ ಒಂದು ಅಂತಿದ್ರು, ಆದ್ರೂ ಬರ್ತೀವಿ ಅಂತಿದ್ರು" ಎಂದಳು. "ನೀನು ಬಂದು ಅದಕ್ಕೆ ಹಲ್ಲು ಇಟ್ಟೆ."

ಆಮೇಲೆ ಬಿಂದಿಗೆ ಬೋರಲು ಹಾಕಿ ಎದ್ದು, ಆಗಲಿ, ಅಂಗಳದ ನಲ್ಲಿಗೇ ಪೂಜೆ ಮಾಡೋಣ ಎಂದು ಒಳಗೆ ಹೋದಳು. ಬೈದಿದ್ದರೆ ನಾನು ವಾದ ಮಾಡುತ್ತಿದ್ದೆ. ಭಾವ ಹತ್ತಿರ ಬಂದು, "ಏನು ಮಾರಾಯ, ನಾನು ಎಷ್ಟು ಹೇಳಿದ್ರೂ ನಲ್ಲಿಗೆ ಒಪ್ಪದೋಳನ್ನ ಒಂದೇ ದಿನದಲ್ಲಿ ಒಪ್ಪಿಸಿಬಿಟ್ಯಲ್ಲ" ಎಂದು ಮೆಚ್ಚಿಕೊಂಡರು. ಅವರ ಮೆಚ್ಚುಗೆಗಿಂತ ಮೊಸಳೆಯ ಬಾಯಿ ಮೇಲು ಅನ್ನಿಸಿತು.

ಗೃಹಪ್ರವೇಶದ ಹಿಂದಿನ ದಿನ ಶಿವಲೀಲಾ ಬಂದಳು, ವಿಷಯ ಕೇಳಿದಳು, ಸೆರಗು ಸಿಕ್ಕಿಸಿಕೊಂಡು ಅವೇ ಮನೆಗಳಿಗೆ ಹೊರಟಳು. ಅವಳು ವಿಜ್ಞಾನದ ಮಾತೆತ್ತಲಿಲ್ಲ. ಸಂಜೆಯೊಳಗೆ ಎಲ್ಲರನ್ನೂ ಒಪ್ಪಿಸಿ ಬಂದಳು. ಹೇಗೆ ಎಂದು ಕೇಳಿದೆ.

"ನಮ್ಮೆಜಮಾನ್ರು ನೀರಲ್ಲಿ ಮುಂದೆ ನಿಲ್ತಾರೆ ಅಂದೆ. ಮೊಸಳೆ ಬಂದ್ರೆ ಮೊದ್ಲು ಅವರನ್ನೇ ಹಿಡಿಯುತ್ತೆ, ಅಷ್ಟರಲ್ಲಿ ನಾವು ತುಂಬಿಸ್ಕೊಂಡು ಬರ್ಬೋದು ಅಂದೆ. ಎಲ್ರೂ ಖುಷಿಯಿಂದ ಒಪ್ಪಿದ್ರು ಕಣ್ರೀ."

ಒಬ್ಬಳಿಗೂ ಈ ಏರ್ಪಾಟಿನಲ್ಲಿ ಲೋಪ ಕಂಡಿರಲಿಲ್ಲ. ಸೆಲ್ವಮ್ಮನ ಮಕ್ಕಳು ಚಿಕ್ಕವು ನಿಜ, ಆದರೆ ನನಗೂ ಪ್ರಾಯ ಮುಗಿದು ಹೋಗಿರಲಿಲ್ಲ.

ಬೆಳಗ್ಗೆ, ಕೆರೆಯ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ. ಅಯ್ಯನವರು ಏರಿಯ ಮೇಲೆ ಸುರಕ್ಷಿತವಾದ ಕಲ್ಲೊಂದನ್ನು ಹುಡುಕಿಕೊಂಡು, ಅಲ್ಲಿಂದಲೇ ಮಂತ್ರ ಹೇಳುವುದಾಗಿ ತಿಳಿಸಿದರು. ನಾನು ಪಂಚೆ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಿನಲ್ಲಿ, ಕೊಡೆಯನ್ನು ಬಿಡಿಸಿ ಗುರಾಣಿಯಂತೆ ಮುಂದೆ ಹಿಡಿದು ನಿಂತೆ. ಹಿಂದೆ ಮೆಟ್ಟಿಲ ಮೇಲೆ ಬಳೆಗಳ ಸದ್ದು, ಊದುಬತ್ತಿಯ ವಾಸನೆ. ಮುಂದೆ ನೀರು. ನೀರುಕಾಗೆ, ನೀರುನಾಯಿ, ದಿಮ್ಮಿ, ಗಾಳಿ, ಬೆಳಕು ಎಂದು ನನ್ನ ಪಟ್ಟಿಯನ್ನೇ ಮಂತ್ರದಂತೆ ಜಪಿಸುತ್ತಿದ್ದೆ. ಅಷ್ಟರಲ್ಲಿ ಮಂಜು ಸರಿಯಿತು. ಕೂಗಳತೆಗಿಂತ ಹತ್ತಿರದಲ್ಲೇ ಒಂದು ಕತ್ತು ಎದ್ದಿತು. ಉದ್ದಕ್ಕೆ, ಬಾಗಿಕೊಂಡು, ಮೈತುಂಬ ಕೂದಲು ಜೋತುಬಿದ್ದ ಕತ್ತು. ಅದು ನನ್ನ ಕಡೆಗೇ ತೂಗಿತು.

ಮುಂದಿನದನ್ನು ನಾನು ಏರಿಯ ಮೇಲಿನಿಂದ, ಅಯ್ಯನವರ ಕಲ್ಲಿನ ಹಿಂದಿನಿಂದ ನೋಡಿದೆ. ಅಲ್ಲಿಗೆ ಹೇಗೆ ತಲುಪಿದೆನೆಂಬುದು ನೆನಪಿಲ್ಲ. ಹೆಂಗಸರು ಯಾರೂ ಕದಲಿರಲಿಲ್ಲ. ಅಕ್ಕ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು, ಎರಡು ಮೆಟ್ಟಿಲು ಇಳಿದು ಇನ್ನೊಮ್ಮೆ ನೋಡಿದಳು.

"ಏ ಸೆಲ್ವಮ್ಮ, ಅದರ ಮೇಲೆ ನನ್ನ ಮಣಿಹಾರ ಇದೆಯಲ್ಲೇ" ಎಂದಳು. "ನಮ್ಮ ಕ್ವಾರ್ಟರ್ಸು ಗಣಪತಿ ಕಣೇ ಇದು. ಸೊಂಡಿಲು."

ನಿಜ. ಚೌತಿಯಲ್ಲಿ ಹುಡುಗರು ಪಕ್ಕದ ಬೀದಿಯವರಿಗಿಂತ ದೊಡ್ಡದಿರಲೆಂದು ಹಟ ಹಿಡಿದು ಕೂರಿಸಿದ್ದ ಗಣಪತಿ. ಮಣ್ಣೆಲ್ಲ ನೀರಲ್ಲಿ ಕರಗಿ, ಒಳಗಿನ ಬಿದಿರ ದಬ್ಬೆ ಮತ್ತು ಸುತ್ತಿದ ಹುಲ್ಲು ಉಳಿದಿತ್ತು. ಮಳೆ ನಿಂತು ಕೆರೆ ಇಳಿದಂತೆ ಸೊಂಡಿಲು ಮೇಲೆ ಬಂದು, ಗಾಳಿ ಬೀಸಿದಾಗೆಲ್ಲ ತೂಗುತ್ತಿತ್ತು. ಅಕ್ಕ ಹಬ್ಬಕ್ಕೆಂದು ಕೊಟ್ಟಿದ್ದ ಪ್ಲಾಸ್ಟಿಕ್ ಮಣಿಯ ಹಾರ ಇನ್ನೂ ಅದಕ್ಕೆ ಸುತ್ತಿಕೊಂಡಿತ್ತು. ಇಡೀ ಊರು ತಮಟೆ ಬಡಿದು, ಕುಣಿದು, ಮತ್ತೆ ಬಾರಪ್ಪಾ ಎಂದು ಗಂಟಲು ಹರಿಯುವಂತೆ ಕೂಗಿ ಕಳಿಸಿದ ದೇವರು, ಪಾಪ, ಮಾತು ನಂಬಿ ಸ್ವಲ್ಪ ಬೇಗ ಬಂದಿದ್ದ. ಬಂದವನಿಗೆ ಈ ಜನ ಕಣ್ಣು, ಮೀಸೆ, ಗರಗಸ ಅಂಟಿಸಿ ಕಡಲೆಕಾಯಿ ತಿನ್ನುತ್ತ ನೋಡಿದ್ದರು. ಇವರ ಭಕ್ತಿಗೆ ಏನೆನ್ನಬೇಕೋ ನನಗೆ ತಿಳಿಯದು. ನನ್ನ ವಿಜ್ಞಾನಕ್ಕೆ ಏನೆನ್ನಬೇಕೆಂಬುದು ಶಿವಲೀಲಾಳಿಗೆ ತಿಳಿದಿತ್ತು, ಆದರೆ ಶುಭಕಾರ್ಯವೆಂದು ಅವಳು ಆಗ ಹೇಳಲಿಲ್ಲ.

ಹೆಂಗಸರು ಸೊಂಡಿಲಿಗೆ ಆರತಿ ಬೆಳಗಿದರು. ಪ್ರಾಣಿಗೆಂದು ತಂದ ಬಾಳೆಹಣ್ಣು ಸರಿಯಾದ ವಿಳಾಸಕ್ಕೇ ಸೇರಿತು. ಅಕ್ಕ ಬಿಂದಿಗೆಯನ್ನು ನೀರಿಗೆ ಬಾಗಿಸಿ, ಅದು ಗುಳುಗುಳು ಎಂದು ತುಂಬುವುದನ್ನು ನೋಡುತ್ತ ನಿಂತಳು. ಅವಸರ ಮಾಡಲಿಲ್ಲ. ಹಿಂದೆ ಕೊಡ ಹಿಡಿದು ಬೈಯುವವರು ಯಾರೂ ಇರಲಿಲ್ಲ. ಕಂಠದವರೆಗೆ ತುಂಬಿದ ಮೇಲೆ, ಸ್ವಲ್ಪ ಚೆಲ್ಲಿ, ಮತ್ತೆ ತುಂಬಿಸಿಕೊಂಡಳು. ಹೊಸ್ತಿಲು ದಾಟುವಾಗ ಅವಳ ಮುಖ ನೋಡಿ, ಮುಚ್ಚಳ ಸರಿಯಿಲ್ಲದ ಸಂಪನ್ನು ಕೂಡ ನಾನು ಸ್ವಲ್ಪ ಹೊತ್ತು ಮರೆತಿದ್ದೆ. ಅಯ್ಯನವರಿಗೆ ಬಸ್ಸು ತಪ್ಪಿರಲಿಲ್ಲ, ಹಾಲು ಉಕ್ಕಿತು, ಶಾಮಿಯಾನದ ಗಳ ಬೀಳಲಿಲ್ಲ. ಬಸ್ಸಿನಲ್ಲಿ ಶಿವಲೀಲಾ ಕೊಡೆ ಎಲ್ಲಿ ಎಂದು ಕೇಳಿದಾಗ, ಅಕ್ಕನ ಮನೆಯಲ್ಲೇ ಇರಬೇಕು ಎಂದೆ.

ಹುಡುಗರು ಗಣಪತಿಯನ್ನು ಎಳೆದು, ಕ್ಷಮೆ ಕೇಳಿ, ಆಳವಿರುವಲ್ಲಿ ಮತ್ತೆ ಬಿಟ್ಟರಂತೆ. ಅದಾಗಿ ಒಂದು ವಾರಕ್ಕೆ ಭಾವನ ಫೋನು ಬಂತು. ಕೆರೆಯ ಆಚೆ ದಡದ ಕಡೆ ಈಗ ಇನ್ನೊಂದು ಕಾಣುತ್ತಿದೆಯಂತೆ. ಇದು ಸೊಂಡಿಲಲ್ಲ, ಎಲ್ಲರೂ ಸರಿಯಾಗಿ ನೋಡಿದ್ದಾರೆ. ಕಪ್ಪಗೆ, ದುಂಡಗೆ, ಆಮೆಯಂಥ ಮೈ. ಅದರ ನಟ್ಟನಡುವಿನಿಂದ ಮೇಲೆದ್ದು ಕೊಕ್ಕೆಯಂತೆ ಬಾಗಿದ ಕತ್ತು. ಗಾಳಿ ಬಂದರೆ ಮೆಲ್ಲಗೆ ತಿರುಗಿ ತಿರುಗಿ ಎಲ್ಲ ಕಡೆ ನೋಡುತ್ತದಂತೆ. ಕಡಲೆಕಾಯಿ ಗಾಡಿಗಳು ಮತ್ತೆ ಬಂದಿವೆಯಂತೆ.

"ಇದಕ್ಕೇನಾದ್ರೂ ಕಾರಣ ಇದೆಯೇನೋ ಮಾರಾಯ, ನಿನ್ನ ವಿಜ್ಞಾನದಲ್ಲಿ?" ಎಂದು ಕೇಳಿದರು.

ಶಿವಲೀಲಾ ಎದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ತಲೆಯ ಮೇಲೆ, ಗೋಡೆಯಲ್ಲಿ, ಅವಳ ಅಪ್ಪನ ಕೊಡೆ ತೂಗುಹಾಕುತ್ತಿದ್ದ ಮೊಳೆ ಖಾಲಿಯಾಗಿತ್ತು. ಇಷ್ಟೂ ವರ್ಷಗಳಲ್ಲಿ ಒಂದು ಕೆರೆಯ ಪ್ರಾಣಿಯ ನೈಸರ್ಗಿಕ ಕಾರಣ ನನಗೆ ಸಂದೇಹವಿಲ್ಲದಂತೆ ತಿಳಿದಿದ್ದು ಅದೇ ಮೊದಲು.

"ಹೇಳೋಕಾಗಲ್ಲ ಭಾವ" ಎಂದೆ. "ಪ್ರಕೃತಿಯಲ್ಲಿ ನಮಗೆ ಗೊತ್ತಿಲ್ಲದ್ದು ಇನ್ನೂ ಬೇಕಾದಷ್ಟಿದೆ."