ಅಂಗಿ ಜಗ್ಗುವ ಕೈ

ಊರಿನವರನ್ನೆಲ್ಲ ಅಣಕಿಸುವವನು ತನ್ನ ಮೈಮೇಲೆ ಮಾತ್ರ ಯಾರ ಕಣ್ಣೂ ಬೀಳದಂತೆ ನೋಡಿಕೊಳ್ಳುತ್ತಾನೆ. ಗಜೇಂದ್ರಗಡದ ಸೀರೆ ಅಂಗಡಿಯೊಂದರಲ್ಲಿ ಕೆಲಸ ಮಾಡುವ ನಾನು ಮಾಲೀಕರ ಕೆಮ್ಮು, ಬಸ್ ಕಂಡಕ್ಟರನ ಮೂಗಿನ ದನಿ, ಲಗ್ನದ ಜವಳಿಗೆ ಬಂದ ಬೀಗರ ಗತ್ತು ಎಲ್ಲವನ್ನೂ ಮಾಡಿ ತೋರಿಸಬಲ್ಲೆ. ನನ್ನನ್ನೂ ಬಿಟ್ಟವನಲ್ಲ, ನನ್ನ ಓಟ ಎಮ್ಮೆಯ ಓಟವೆಂದು ನಾನೇ ಓಡಿ ತೋರಿಸಿ ನಗಿಸಿದ್ದೇನೆ. ಒಂದರ ಸುದ್ದಿಗೆ ಮಾತ್ರ ಎಂದೂ ಹೋಗಿರಲಿಲ್ಲ. ಅದು ನನ್ನ ಎದೆ. ಮೀಸೆ ಮೂಡುವ ವಯಸ್ಸಿನಲ್ಲಿ ಅದೂ ಮೂಡಿತು. ಮೀಸೆ ಅರ್ಧಕ್ಕೇ ನಿಂತಿತು, ಎದೆ ನಿಲ್ಲಲಿಲ್ಲ.

ಅಪ್ಪ ಮನೆಯಲ್ಲಿ ಸೀರೆ ನೇಯುತ್ತಾನೆ, ನಾನು ಅಂಗಡಿಯಲ್ಲಿ ಮಾರುತ್ತೇನೆ. ಸೀರೆಯನ್ನು ಗಾದಿಯ ಮೇಲೆ ಹರಡಿದರೆ ಸಾಲದು. ಮಾರುವವನು ಎದ್ದು ನಿಂತು, ನಿರಿಗೆ ಹಿಡಿದು, ಸೆರಗನ್ನು ತನ್ನ ಹೆಗಲಿಗೇ ಹಾಕಿ ತೋರಿಸಬೇಕು. ಒಮ್ಮೆ ಬೆಳವಣಕಿಯ ಮುದುಕಿಯೊಬ್ಬಳು ಹಾಗೆ ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಮ್ಮಾ, ಈ ಸೀರಿ ನನ್ನ ಸೊಸಿಗಿಂತ ನಿನಗ ಚಲೋ ಕುಂದರತೈತಿ" ಎಂದಳು. ಅಂಗಡಿಗೆ ಅಂಗಡಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕು, ಸೊಂಟ ತಿರುಗಿಸಿ ನಡೆದೂ ತೋರಿಸಿದೆ. ಸೀರೆ ಮಾರಿಹೋಯಿತು. ಆಮೇಲೆ ಗೋದಾಮಿನೊಳಗೆ ನಿಂತು ಎರಡು ಬೆರಳಲ್ಲಿ ಅಂಗಿಯನ್ನು ಎದೆಯಿಂದ ಮುಂದಕ್ಕೆ ಜಗ್ಗಿಕೊಂಡೆ. ಇದು ನನ್ನ ಚಾಳಿ. ಅಂಗಿ ಮೈಗೆ ಅಂಟದಿದ್ದರೆ ಯಾರಿಗೂ ಕಾಣದು ಎಂದು ನಂಬಿದ್ದೆ. ಬೇಸಿಗೆಯಲ್ಲೂ ಒಳಗೆ ಎರಡು ಬನಿಯನ್. ಹೊಳೆಆಲೂರಿನಲ್ಲಿ ಗೆಳೆಯರು ಹೊಳೆಗೆ ಇಳಿದರೆ ನಾನು ದಂಡೆಯಲ್ಲಿ ಕೂತು ಅವರ ಬಟ್ಟೆ ಕಾಯುತ್ತಿದ್ದೆ. ಭಾಳ ಸಂಭಾವಿತ ಹುಡುಗ ಎಂಬ ಹೆಸರು ಬಂತು.

ಹೀಗೇ ಸಾಗುತ್ತಿತ್ತೇನೋ. ಅಷ್ಟರಲ್ಲಿ ನರೇಗಲ್ಲಿನ ಹುಡುಗಿಯೊಂದಿಗೆ ಲಗ್ನ ಗಟ್ಟಿಯಾಯಿತು. ನನಗೆ ಲಗ್ನದ ಹೆದರಿಕೆಯಿಲ್ಲ, ಹೆದರಿಕೆಯೆಲ್ಲ ಸುರಗಿಯದು. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಗನನ್ನು ಅಂಗಿ ಬಿಚ್ಚಿಸಿ ಕೂರಿಸಿ ಮನೆಯ ಹೆಂಗಸರೆಲ್ಲ ಅರಿಶಿನ ಹಚ್ಚಿ ನೀರೆರೆಯುತ್ತಾರೆ. ಬನಿಯನ್ ಮೇಲೆಯೇ ಅರಿಶಿನ ಹಚ್ಚಿಸಿಕೊಂಡ ಮದುಮಗ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕೊನೆಗೆ ಅವ್ವನ ಮುಂದೆ ಬಾಯಿಬಿಟ್ಟೆ. "ಸಣ್ಣಾಂವಿದ್ದಾಗ ಬೆಣ್ಣಿ ಭಾಳ ತಿನಿಸಿದ್ನೆಪಾ, ನಂದ ತಪ್ಪು" ಎಂದು ಕಣ್ಣೊರೆಸಿಕೊಂಡಳು.

ಹುಬ್ಬಳ್ಳಿಯ ಡಾಕ್ಟರು ಬೆಣ್ಣೆಯನ್ನು ನಿರ್ದೋಷಿ ಎಂದು ಬಿಡುಗಡೆ ಮಾಡಿದರು. ಹರೆಯದಲ್ಲಿ ಎಷ್ಟೋ ಹುಡುಗರಿಗೆ ಹೀಗಾಗುತ್ತದೆ, ಬಹಳ ಮಂದಿಗೆ ತಾನೇ ಇಳಿಯುತ್ತದೆ, ಇಳಿಯದೆ ಉಳಿದ ಗಂಟು ದಂಡ ಬೈಠಕ್ ಹೊಡೆದರೂ ಕರಗದು ಎಂದರು. ರಕ್ತ ಪರೀಕ್ಷೆ ಮಾಡಿಸಿದರು. ಯಾವ ಗುಳಿಗೆ ತಿನ್ನುತ್ತೀ, ಬೀಡಿ ಸೇದುತ್ತೀಯಾ ಎಂದು ವಿಚಾರಿಸಿದರು. ಅರಿವಳಿಕೆ ಕೊಟ್ಟು, ಮೊಲೆತೊಟ್ಟಿನ ಅಂಚಿನಲ್ಲಿ ಸಣ್ಣದಾಗಿ ಕೊಯ್ದು, ಗಂಟನ್ನೂ ಕೊಬ್ಬನ್ನೂ ತೆಗೆದರು. ಎಚ್ಚರಾದಾಗ ಯಾರೋ ಎದೆಯ ಮೇಲೆ ಜೋಳದ ಚೀಲ ಇಳಿಸಿ ಮರೆತುಹೋದಂತಿತ್ತು. ಕೆಂಪು ನೀರು ಬಸಿಯಲು ಹಾಕಿದ್ದ ಕೊಳವೆಗಳು ಬೇಗ ಹೋದವು, ಉಳಿದದ್ದು ಎದೆ ಒತ್ತಿ ಹಿಡಿಯಲು ಕೊಟ್ಟ ಬಿಗಿ ಬನಿಯನ್. ಎರಡು ಬನಿಯನ್ನಿನಿಂದ ಪಾರಾಗಲು ಹೋದವನು ವಾರಗಟ್ಟಲೆ ಹಗಲೂ ರಾತ್ರಿ ನಾಲ್ಕಕ್ಕೆ ಸಮನಾದ ಒಂದರೊಳಗೆ ಸಿಕ್ಕಿಬಿದ್ದೆ. ಬಾವು, ನೀಲಿಗಟ್ಟಿದ ಚರ್ಮ, ಮುಟ್ಟಿದರೂ ತಿಳಿಯದ ಜೋಮು. ಭಾರ ಎತ್ತುವಂತಿಲ್ಲ. ಆಕಾರ ಪೂರ್ತಿ ಕೂಡಲು ತಿಂಗಳುಗಳೇ ಬೇಕು, ಕನ್ನಡಿಯ ಮುಂದೆ ಅವಸರ ಬೇಡ ಎಂದಿದ್ದರು. ನಕ್ಕರೆ ಹೊಲಿಗೆ ಹಿಡಿಯುತ್ತಿತ್ತು. ಡಾಕ್ಟರರನ್ನು ಅಣಕಿಸಿ ನಾನೇ ನಕ್ಕು, ನಾನೇ ಅತ್ತೆ. ಹುಡುಗಿಗೆ ಫೋನಿನಲ್ಲಿ ಎಲ್ಲ ಹೇಳಿದಾಗ ಅವಳು, ನೋವು ಕಡಿಮೆಯಾಯಿತೇ ಎಂದಷ್ಟೇ ಕೇಳಿದಳು.

ಊರವರಿಗೆ ಅಪೆಂಡಿಕ್ಸ್ ಎಂದು ಹೇಳಿದ್ದೆವು. ಮಾತಾಡಿಸಲು ಬಂದವರು ನನ್ನ ಹೊಟ್ಟೆ ನೋಡಿ ಲೊಚಗುಟ್ಟಿದರು. ನಾನೂ ಹೊಟ್ಟೆ ಹಿಡಿದುಕೊಂಡು ಚೆನ್ನಾಗಿಯೇ ನರಳಿದೆ.

ತಿಂಗಳುಗಳು ಕಳೆದು ಸುರಗಿಯ ದಿನ ಬಂತು. ಅಂಗಿ ಬಿಚ್ಚಿ ಕೂತೆ. ಪೈಲ್ವಾನನ ಎದೆಯೇನಲ್ಲ, ಆದರೆ ನನ್ನದೆನಿಸಿತು. ಮೊದಲ ಅರಿಶಿನ ಹಚ್ಚಲು ಅಪ್ಪನ ಅಕ್ಕ, ನನ್ನ ಸೋದರತ್ತೆ ಬಂದಳು. ಎದೆಗೆ ಹಚ್ಚಿದಳು. ಕೈ ಎಲ್ಲೂ ತಡೆಯದೆ ಕೆಳಗೆ ಸರಿಯಿತು. ಹೊಟ್ಟೆಗೆ ಬಂದ ಕೈ ನಿಂತಿತು. ಬಲಕ್ಕೆ ಸವರಿದಳು, ಎಡಕ್ಕೆ ಸವರಿದಳು.

"ಅಲ್ಲೋ, ಅಪೆಂಡಿಕ್ಸ್ ಕೊಯ್ಸಿದೆಲ್ಲ, ಹೊಲಿಗಿ ಎಲ್ಲೈತಿ?"

ತಂಬಿಗೆ ಹಿಡಿದ ಹೆಂಗಸರೆಲ್ಲ ನನ್ನ ಹೊಟ್ಟೆಯತ್ತ ಬಗ್ಗಿದರು. ಎದೆಗಾಗಿ ಇಷ್ಟೆಲ್ಲ ತಯಾರಿ ಮಾಡಿದವನು ಹೊಟ್ಟೆಯನ್ನೇ ಮರೆತಿದ್ದೆ. ಅವ್ವನತ್ತ ನೋಡಿದರೆ ಅವಳು ಆಗಲೇ ಅಡುಗೆಮನೆಗೆ ಜಾರಿದ್ದಳು. ಬೇರೆ ದಾರಿಯಿಲ್ಲದೆ ಅತ್ತೆಯ ಕಿವಿಯಲ್ಲಿ ಖರೇ ಹೇಳಿಬಿಟ್ಟೆ. ಅತ್ತೆ ನಗಲಿಲ್ಲ, ಬೆರಗಾಗಲೂ ಇಲ್ಲ. ಅರಿಶಿನದ ಎರಡು ಬೆರಳಲ್ಲಿ ತನ್ನ ಸೆರಗು ಹಿಡಿದು, ಭುಜ ಕುಗ್ಗಿಸಿ, ಎದೆಯಿಂದ ಮುಂದಕ್ಕೆ ಜಗ್ಗಿ ತೋರಿಸಿದಳು. ಥೇಟ್ ನಾನೇ.

"ಸಾಲಿಗೆ ಹೋಗುವಾಗಿಂದ ಹಿಂಗ ಜಗ್ಗತಿದ್ದೆಲ್ಲೋ ಮಗನ, ನಮಗೇನ ಕಣ್ಣಿಲ್ಲೇನ? ನೀ ನೊಂದ್ಕೋತಿ ಅಂತ ಯಾರೂ ಅನ್ನಲಿಲ್ಲ."

ನನ್ನ ಅಣಕವೊಂದು ಇಷ್ಟು ಪಕ್ಕಾ ತಯಾರಿದ್ದರೂ ಅದನ್ನು ವರ್ಷಗಟ್ಟಲೆ ಮಾಡದೆ ಇಟ್ಟುಕೊಂಡವರು ಇವರು. ನನ್ನ ಕೈಗೆ ಅಂಥದ್ದು ಸಿಕ್ಕಿದ್ದರೆ ಸಂಜೆಯೊಳಗೆ ಊರೆಲ್ಲ ಆಡಿ ಬರುತ್ತಿದ್ದೆ. ತಲೆ ತಗ್ಗಿಸಿದೆ. ಯಾರೋ ತಂಬಿಗೆ ನೀರು ಸುರಿದರು. ನನ್ನ ಕೈ ತಾನಾಗಿ ಎದ್ದು, ಎರಡು ಬೆರಳು ಜೋಡಿಸಿ, ಮೈಮೇಲೆ ಇಲ್ಲದ ಅಂಗಿಯನ್ನು ಮುಂದಕ್ಕೆ ಜಗ್ಗಿತು. ಗಂಟು ತೆಗೆದ ಡಾಕ್ಟರು ಈ ಕೈಯ ಗೊಡವೆಗೆ ಹೋಗಿರಲಿಲ್ಲ. ಆಗ ಮಾತ್ರ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಗುವ ಅಗತ್ಯ ಈ ಸಲ ಬೀಳಲಿಲ್ಲ.