ಎತ್ತಿನ ಕೊಂಬಿನ ಬಣ್ಣ ಬಳಿದ ಸೈಲೆನ್ಸರ್

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಅದು ಭಾನುವಾರ ಎಂದು ನನ್ನ ನೆನಪು. ಆದರೆ ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯರು ರಸ್ತೆ ಬದಿಯಲ್ಲಿ ನಿಂತು ನಮ್ಮನ್ನು ನೋಡಿ ನಕ್ಕದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಿದೆ. ಎರಡೂ ನಿಜವಾಗಲು ಸಾಧ್ಯವಿಲ್ಲ. ದಿನಚರಿ ಬರೆಯುವ ಚಟವೇನೋ ಕಾಲೇಜಿನಿಂದಲೂ ಇದೆ, ಆದರೆ ಆ ದಿನದ ಪುಟದಲ್ಲಿ "ಬಹಳ ದಣಿವು. ಊಟ ಚೆನ್ನಾಗಿತ್ತು" ಎಂದಷ್ಟೇ ಬರೆದಿದ್ದೇನೆ. ಇತಿಹಾಸದಲ್ಲಿ ಎಂ.ಎ. ಮಾಡಿ, ಆಧಾರವಿಲ್ಲದೆ ಯಾವುದನ್ನೂ ನಂಬಬೇಡಿ ಎಂದು ಹೈಸ್ಕೂಲು ಮಕ್ಕಳಿಗೆ ಬೋಧಿಸುವವಳ ಆಧಾರ ಇಷ್ಟು. ಆದ್ದರಿಂದ ನೀವು ಜರಡಿ ಹಿಡಿದುಕೊಂಡೇ ಓದಿ. ನನ್ನ ಸ್ಕೂಟರಿನ ಸೈಲೆನ್ಸರಿಗೆ ತುಕ್ಕು ಹಿಡಿದಿತ್ತು ಎಂಬುದೊಂದು ಮಾತ್ರ ಪ್ರಶ್ನಾತೀತ.

ನನ್ನ ಸ್ಕೂಟರು ಎಂದೆನಲ್ಲ, ಅದೂ ಪೂರ್ತಿ ಸರಿಯಲ್ಲ. ಕಾಗದದಲ್ಲಿ ನಮ್ಮ ಮನೆಯವರ ಹೆಸರಿದೆ, ಓಡಿಸುವವಳು ನಾನು. ಹಾನಗಲ್ಲಿನ ಮನೆಯಿಂದ ಕಬ್ಬಿನ ಹೊಲಗಳಾಚೆಯ ಶಾಲೆಗೆ ಹೋಗಿ ಬರುವುದು ಅದರ ಮೇಲೆಯೇ. ಕೆಸರು, ಮಳೆ, ಕಾಲುವೆಯ ನೀರು ಎಲ್ಲ ಕುಡಿದೂ ಎಂಜಿನ್ನು ಎಂದೂ ಮುನಿಸಿಕೊಂಡಿರಲಿಲ್ಲ. ಸೈಲೆನ್ಸರು ಮಾತ್ರ ಹಪ್ಪಳದಂತೆ ಪದರು ಪದರಾಗಿ ಏಳತೊಡಗಿತ್ತು. ಅತ್ತೆಗೆ ಎಡ ಮೊಣಕಾಲು ನೋವು. ಎಲ್ಲರಂತೆ ಎಡಕ್ಕಲ್ಲದೆ ಬಲಕ್ಕೆ ಕಾಲು ಇಳಿಬಿಟ್ಟು, ಅಂದರೆ ನೇರ ಸೈಲೆನ್ಸರಿನ ಮೇಲೆಯೇ, ಕೂರುತ್ತಾರೆ. ಒಮ್ಮೆ ಅವರ ಇಳಕಲ್ ಸೀರೆಯ ಅಂಚಿಗೆ ಅಂಗೈಯಗಲ ತುಕ್ಕಿನ ಕಲೆಯಾಯಿತು. ಮನೆಯವರಿಗೆ ಅಷ್ಟೇ ಸಾಕಾಗಿತ್ತು. "ಮಾರಿಬಿಡೂಣು ಅದನ್ನ. ಸವಣೂರಾಗ ಒಬ್ಬ ಗಿರಾಕಿ ಅದಾನ. ನಿನ್ನ ದಿನಾ ಸಾಲಿಗೆ ನಾ ಬಿಟ್ಟು ಬರ್ತೇನಿ" ಎಂದರು.

ಈ "ಬಿಟ್ಟು ಬರ್ತೇನಿ" ಎಂಬುದರ ಭಯಾನಕತೆ ನಿಮಗೆ ತಿಳಿಯಬೇಕಾದರೆ ನಮ್ಮ ಮನೆಯವರ ಹಿಂದೆ ಒಮ್ಮೆ ಕೂತು ಪೇಟೆ ದಾಟಬೇಕು. ಭತ್ತದ ದರ ಕೇಳಲು ಒಂದು ಕಡೆ, ಯಾರದೋ ಬೀಗರ ಆರೋಗ್ಯ ಕೇಳಲು ಇನ್ನೊಂದು ಕಡೆ, ಯಾಕೆ ನಿಂತೆ ಎಂದು ಅವರಿಗೇ ಮರೆತುಹೋದ ಮತ್ತೊಂದು ಕಡೆ. ನಾನು ಶಾಲೆ ಮುಟ್ಟುವಷ್ಟರಲ್ಲಿ ಮೊದಲ ಪಾಠದಲ್ಲಿ ಹುಟ್ಟಬೇಕಿದ್ದ ಸಾಮ್ರಾಜ್ಯ ಅವನತಿಯ ಹಾದಿ ಹಿಡಿದಿರುತ್ತದೆ. ಸ್ಕೂಟರು ಹೋದರೆ ನನ್ನ ಬೆಳಗುಗಳೇ ಹೋದಂತೆ.

ನಮ್ಮ ಮನೆಯಲ್ಲಿ ಕೊನೆಯ ಮಾತು ಅತ್ತೆಯದು. ಅವರು ತೀರ್ಪು ಕೊಟ್ಟರು: "ಹಿರೇಬೆಂಡಿಗೇರಿಯಾಗ ನಮ್ಮಣ್ಣನ ಮೊಮ್ಮಗಳ ಕುಬುಸ ಐತಿ. ಸೀರಿಗೆ ಕಲಿ ಬೀಳದಂಗ ನನ್ನ ಕರಕೊಂಡ ಹೋಗಿ ಬಾ. ಹಂಗ ಬಂದ್ರ ಗಾಡಿ ಇರಲಿ. ಕಲಿ ಬಿತ್ತೋ, ಕೊಟ್ಟುಬಿಡೂದು."

ಸರಿ, ನಾನು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತೆ. ಓದಿದವಳು ಮೊದಲು ಮೊಬೈಲಿನಲ್ಲಿ ಹುಡುಕಬೇಕಿತ್ತು. ನಾನು ಅಡುಗೆಮನೆಗೆ ಹೋಗಿ ಹುಣಸೆಹಣ್ಣು ತಂದೆ. ತಾಮ್ರದ ಕೊಡ ಬೆಳಗಿದಂತೆ ಸೈಲೆನ್ಸರನ್ನು ಬೆಳಗಿದೆ. ಸಂಜೆಗೆ ದೇವರ ಮುಂದೆ ಇಡುವ ಹಾಗೆ ಹೊಳೆಯಿತು. ಬೆಳಗಾಗುವಷ್ಟರಲ್ಲಿ ಮೊದಲಿಗಿಂತ ಕೆಂಪಗೆ ತುಕ್ಕು ಹಿಡಿದಿತ್ತು. ಹುಳಿ ಸವರಿದ ಕಬ್ಬಿಣವನ್ನು ತೊಳೆದು ಒಣಗಿಸಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಆಮೇಲೆ ತಂತಿಯ ಬ್ರಷ್ಷು, ಉಜ್ಜುವ ಕಾಗದ, ಸೀಮೆಎಣ್ಣೆ ತರಿಸಿ ತಿಕ್ಕಿದೆ. ಎಷ್ಟು ತಿಕ್ಕಿದೆನೆಂದರೆ ಅತ್ತೆ ಕಟ್ಟೆಯ ಮೇಲಿಂದ "ಸಾಕ ಬಿಡ, ತುಕ್ಕ ಹೋಗಿ ತೂತ ಉಳದೀತು" ಎಂದರು.

ಇನ್ನು ಬಣ್ಣ. ಬಿಸಿ ತಡೆಯುವ ಕಪ್ಪು ಬಣ್ಣವೇ ಬೇಕು, ಹುಬ್ಬಳ್ಳಿಯಿಂದ ತರಿಸಬೇಕು, ಒಂದು ವಾರವಾದೀತು ಎಂದ ಅಂಗಡಿಯವನು. ಕುಬುಸ, ಅಂದರೆ ಸೀಮಂತ, ನಾಳೆಗೆ. ನಾನು ಸಪ್ಪಗೆ ಕುಳಿತದ್ದು ನೋಡಿ ಅತ್ತೆ ಅಟ್ಟದಿಂದ ಒಂದು ಡಬ್ಬಿ ಇಳಿಸಿದರು. ಕಾರಹುಣ್ಣಿಮೆಗೆ ನಮ್ಮ ಎತ್ತುಗಳ ಕೊಂಬಿಗೆ ಬಳಿದು ಉಳಿದಿದ್ದ ಎಣ್ಣೆಬಣ್ಣ. ಗಿಳಿಹಸಿರು.

"ಅತ್ತಿ, ಇದು ಸೈಲೆನ್ಸರಿಗೆ ನಡೀತೈತೇನ್ರಿ?"

"ಯಾಕ ನಡ್ಯಂಗಿಲ್ಲ? ಮಳ್ಯಾಗ ನಿಂತಾವು, ಬಿಸಲಾಗ ದುಡದಾವು, ಒಂದಕ್ಕೊಂದು ಹಾದ್ಯಾಡ್ಯಾವು, ಇವತ್ತಿಗೂ ಕೊಂಬು ಹಸರ ಅದಾವು. ನಿನ್ನ ಗಾಡಿ ಏನ್ ಎತ್ತಿಗಿಂತಾ ಹೆಚ್ಚ ದುಡೀತೈತೇನು?"

ಇತಿಹಾಸದವಳಿಗೆ ಪೂರ್ವನಿದರ್ಶನ ಕಂಡರೆ ಮುಗಿಯಿತು, ತಲೆಬಾಗಿಬಿಡುತ್ತಾಳೆ. ಎತ್ತಿನ ಕೊಂಬಿನೊಳಗೆ ಬೆಂಕಿ ಉರಿಯುವುದಿಲ್ಲ ಎಂಬ ಸಣ್ಣ ವ್ಯತ್ಯಾಸ ನಮ್ಮಿಬ್ಬರಿಗೂ ತೋಚಲಿಲ್ಲ. ಎರಡು ಕೈ ಬಳಿದೆ. ಮನೆಯವರು ನೋಡಿ "ಗೊಂಡೆ ಒಂದ ಕಟ್ಟೂದ ಉಳದೈತಿ ನೋಡ" ಎಂದು ಒಳಗೆ ಹೋದರು.

ಮರುದಿನ ಅತ್ತೆ ತಮ್ಮ ಒಳ್ಳೆಯ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಉಡಿ ತುಂಬುವ ಸಾಮಾನಿನ ಚೀಲ ಇಟ್ಟುಕೊಂಡು ಕುಳಿತರು. ಹಾನಗಲ್ ದಾಟುವವರೆಗೆ ಎಲ್ಲ ಚೆಂದವಿತ್ತು. ಆಮೇಲೆ ಒಂದು ವಾಸನೆ ಶುರುವಾಯಿತು. ಹಿಂದಿನಿಂದ ಅತ್ತೆ "ಏನ ಇದು, ಕಾರಹುಣ್ಣಿವಿ ವಾಸನಿ ಬಂದಂಗಾತಲ್ಲ" ಎಂದರು. ಎದುರಿಗೆ ಟ್ರ್ಯಾಕ್ಟರಿನಲ್ಲಿ ಬಂದವನು ಕೈ ಬೀಸಿ ಕೂಗಿದ: "ಅಕ್ಕಾರ, ಹಿಂದ ಹೊಗಿ ಏಳಾಕತ್ತೈತಿ ನೋಡ್ರಿ!" ಅತ್ತೆಗೆ ತಮ್ಮ ಡಬ್ಬಿಯ ಮಾನ ದೊಡ್ಡದು. "ಧೂಳು ಅದು! ನಿನ್ನ ಟ್ಯಾಕ್ಟರಿಂದ!" ಎಂದು ತಿರುಗಿಸಿ ಕೊಟ್ಟರು. ಸಮವಸ್ತ್ರದ ಹುಡುಗಿಯರು ನಕ್ಕದ್ದು ಇಲ್ಲಿಯೇ, ಅವರು ಇದ್ದದ್ದೇ ನಿಜವಾದರೆ.

ಬೇವಿನ ಮರದ ಕೆಳಗೆ ನಿಲ್ಲಿಸಿ ನೋಡಿದೆ. ಬಣ್ಣ ಕಾದು, ಬೆಲ್ಲದ ಪಾಕದಂತೆ ಅಂಟಂಟಾಗಿ ಗುಳ್ಳೆ ಎದ್ದಿತ್ತು. ಅದರಲ್ಲಿ ಅತ್ತೆಯ ಸೀರೆಯ ಅಂಚು ಕಚ್ಚಿಕೊಂಡಿತ್ತು. ಮೆಲ್ಲಗೆ ಬಿಡಿಸಿದೆ. ತುಕ್ಕಿನದು ಅಂಗೈಯಗಲವಿದ್ದರೆ ಇದು ಮೊಳದುದ್ದ, ಗಿಳಿಹಸಿರು. ಗಾಡಿ ಹೋಯಿತು ಎಂದುಕೊಂಡೆ. ಅತ್ತೆ ಕಲೆಯನ್ನು ಒಮ್ಮೆ ನೋಡಿದರು, ಸೈಲೆನ್ಸರನ್ನು ಒಮ್ಮೆ ನೋಡಿದರು. "ನಡಿ, ಹೊತ್ತಾತು" ಎಂದರು. ಅಷ್ಟೇ.

ಕುಬುಸದ ಮನೆಯಲ್ಲಿ ಹೆಂಗಸರ ಕಣ್ಣು ನೇರ ಅಂಚಿಗೇ ಹೋಯಿತು. ಅತ್ತೆಯ ಅಣ್ಣನ ಹೆಂಡತಿಯೇ ಶುರು ಮಾಡಿದರು: "ಇದ್ಯಾವ ನಮೂನಿ ಅಂಚವಾ? ಒಂದ ಕಡೆ ಅಷ್ಟ ಐತಿ?" ನಾನು ನೆಲ ನೋಡುತ್ತ ನಿಂತೆ. ಅತ್ತೆ ಕಣ್ಣು ಮಿಟುಕಿಸಲಿಲ್ಲ. "ಬಸರಿ ಉಡಿ ತುಂಬಾಕ ಬರಾಕಿ ಮೈಮ್ಯಾಲ ಒಂದೀಟು ಹಸರ ಇರಬೇಕು. ನಮ್ಮ ಹಾನಗಲ್ಲ ಕಡೆ ಹಂಗ. ನಿಮ್ಮೂರಾಗ ಬಿಟ್ಟೀರೇನು?" ಬಸುರಿಯ ಹಸಿರು ಸೀರೆ, ಹಸಿರು ಬಳೆಗಳ ನಡುವೆ ಆ ಮಾತು ಹೇಗೆ ಕುಳಿತುಕೊಂಡಿತೆಂದರೆ, ಒಬ್ಬಾಕೆ ನನ್ನನ್ನು ಪಕ್ಕಕ್ಕೆ ಕರೆದು, ಆ ಸೀರೆ ಹಾನಗಲ್ಲಿನ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದಳು. ಸಂಪ್ರದಾಯಗಳು ಹುಟ್ಟುವುದು ಹೇಗೆ ಎಂದು ನಾನು ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದ್ದೆ. ಹುಟ್ಟುವಾಗ ಪಕ್ಕದಲ್ಲೇ ನಿಂತದ್ದು ಅದೇ ಮೊದಲು.

ಊರಿಗೆ ಬಂದ ಮೇಲೆ ಅತ್ತೆ ಕಲೆಯ ಮಾತೂ ಎತ್ತಲಿಲ್ಲ, ಗಾಡಿಯ ಮಾತೂ ಎತ್ತಲಿಲ್ಲ. ಹುಬ್ಬಳ್ಳಿಯ ಕಪ್ಪು ಬಣ್ಣ ಬಂತು. ಮಾರುವುದಾದರೂ ಮರ್ಯಾದೆಯಿಂದ ಮಾರೋಣ ಎಂದು ಅಂಗಳದಲ್ಲಿ ಕುಳಿತು ಬಳಿಯುತ್ತಿದ್ದೆ. ಅತ್ತೆ ಕಟ್ಟೆಯ ಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ಅಂಚು ಒರೆಸುತ್ತಿದ್ದರು. ಮನೆಯವರು ಒಳಗೆ ಚಹಾ ಕುಡಿಯುತ್ತಿದ್ದರು. ಆಗಲೇ ಸವಣೂರಿನ ಗಿರಾಕಿ ಬಂದ.

"ಯಮ್ಮಾ, ಗಾಡಿ ಕೊಡೂದೈತಂತಲ್ರಿ?"

"ಮಾಲಕರು ಮನ್ಯಾಗಿಲ್ಲಪ" ಎಂದರು ಅತ್ತೆ.

ಅವನು ನನ್ನ ಕಡೆ ಬೆರಳು ತೋರಿಸಿದ. "ಮತ್ತ ಇವರು?"

"ಅಕಿ ಬಣ್ಣ ಹಚ್ಚಾಕ ಬಂದಾಳ."

ಅವನು ನನ್ನ ಕೈಯ ಬ್ರಷ್ಷು, ಮೂಗಿನ ಮೇಲಿನ ಕಪ್ಪು ನೋಡಿ, ಪೂರ್ತಿ ನಂಬಿ ಹೊರಟುಹೋದ. ಹೋಗುವಾಗ ನನ್ನ ಕೆಲಸ ಅಷ್ಟು ನಯವಾಗಿಲ್ಲ ಎಂದೂ ಹೇಳಿದ. ನಾನು ಬ್ರಷ್ಷು ಕೆಳಗಿಟ್ಟು ಅತ್ತೆಯ ಹತ್ತಿರ ಹೋದೆ. ಅವರು ಅಂಚನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ನಾನು ಕೇಳಿದ್ದನ್ನು ಕೇಳಿಸಿಕೊಂಡರೆಂದೇ ನನ್ನ ನಂಬಿಕೆ. ಆದರೆ ಉತ್ತರಕ್ಕೆ ಬದಲಾಗಿ, ಹಂಸಭಾವಿಯ ಗೆಳತಿಯನ್ನು ನೋಡಿ ಬಹಳ ದಿನವಾಯಿತು, ಬಣ್ಣ ಯಾವಾಗ ಆರುತ್ತದೆ ಎಂದು ನನ್ನನ್ನೇ ಕೇಳಿದರು. ಹಂಸಭಾವಿಗೆ ಹೋಗಿ ಬಂದೆವು, ಆಮೇಲೆ ಇನ್ನೂ ಎಲ್ಲೆಲ್ಲಿಗೋ ಹೋಗಿ ಬಂದೆವು. ನನ್ನ ಪ್ರಶ್ನೆ ಮಾತ್ರ ಅಲ್ಲೇ ಕಟ್ಟೆಯ ಮೇಲೆ ಕುಳಿತಿದೆ:

"ಅತ್ತಿ, ಮಾಲಕರು ಮನ್ಯಾಗಿಲ್ಲ ಅಂದ್ರಲ್ಲ, ನಾವು ಮೂರೂ ಮಂದಿ ಇಲ್ಲೇ ಇದ್ವಿ. ಹಂಗಾದ್ರ ಮಾಲಕರು ಯಾರ್ರಿ?"